ಬಸ್ಕಿ ಶಿಕ್ಷೆಯಲ್ಲ

ನಮ್ಮ ಓರಗೆಯವರಲ್ಲಿ ಬಸ್ಕಿ ಹೊಡೆಯದೆ ಶಾಲೆಯನ್ನು ದಾಟಿದವರು ವಿರಳ. ತಡವಾಗಿ ಬಂದರೆ ಹತ್ತು, ಮಗ್ಗಿ ತಪ್ಪಿದರೆ ಇಪ್ಪತ್ತು, ಪಕ್ಕದವನೊಡನೆ ಮಾತನಾಡಿ ಸಿಕ್ಕಿಬಿದ್ದರೆ ಮೇಷ್ಟರು ಸಾಕೆನ್ನುವವರೆಗೆ. ಎರಡು ಕೈಗಳಿಂದಲೂ ಕಿವಿ ಹಿಡಿದು, ಇಡೀ ತರಗತಿ ಗಟ್ಟಿಯಾಗಿ ಲೆಕ್ಕ ಹಾಕುತ್ತಿರುವಾಗ ಕುಳಿತೇಳುವ ಅವಮಾನವನ್ನು ಒಮ್ಮೆ ಅನುಭವಿಸಿದವರಿಗೆ, ಬಸ್ಕಿಯೆಂದರೆ ತಪ್ಪು ಮಾಡಿದವನ ಪಾಡು ಎಂಬ ಭಾವನೆಯೇ ಜೀವಮಾನವೆಲ್ಲ ಉಳಿದುಬಿಡುತ್ತದೆ. ನಮ್ಮಲ್ಲಿಯೂ ಅದು ಉಳಿದಿತ್ತು. ಅದು ತಪ್ಪು ಭಾವನೆಯೆಂದು ತಿಳಿಯಬೇಕಾದರೆ ನಾವು ಮೈಸೂರನ್ನು ಬಿಟ್ಟು ಕೊಚ್ಚಿಯಲ್ಲಿ ಮನೆ ಮಾಡಬೇಕಾಯಿತು. ನೆಲದಿಂದ ಏಳಲಾರದೆ ಕಷ್ಟಪಡುತ್ತಿದ್ದ ತಾಯಿಯವರನ್ನು ವೈದ್ಯರಲ್ಲಿಗೆ ಕರೆದೊಯ್ಯಬೇಕಾಯಿತು. ತಿರುವನಂತಪುರದ ಕೋಟೆಯ ಬಳಿ ಒಂದು ಮುಂಜಾನೆ ನಿಲ್ಲಬೇಕಾಯಿತು. ಹಳೆಯ ವಿದ್ಯಾರ್ಥಿಗಳಿಂದ ಸಂಪಾದಕರು ಸಾಮಾನ್ಯವಾಗಿ ಬಯಸುವುದು ಶಾಲೆಯ ಸವಿನೆನಪುಗಳನ್ನು. ನಾವು ಕಳುಹಿಸುತ್ತಿರುವುದು ಒಂದು ದೂರು ಮತ್ತು ಒಂದು ಸಲಹೆ. ಅವರು ಮನ್ನಿಸಬೇಕು.

ಕೊಚ್ಚಿಯಲ್ಲಿ ಜೂನ್ ತಿಂಗಳ ಮೊದಲಲ್ಲಿ ಮಳೆ ಹಿಡಿಯಿತೆಂದರೆ ನಡಿಗೆಯ ವ್ಯಾಯಾಮ ಅಲ್ಲಿಗೆ ಮುಗಿಯಿತು. ಎರ್ನಾಕುಳಂನ ಹಿನ್ನೀರಿನ ದಂಡೆಯಲ್ಲಿ ಬೆಳಗಿನ ಹೊತ್ತು ಸಾಲುಸಾಲಾಗಿ ನಡೆಯುತ್ತಿದ್ದ ಜನ ಮನೆಯೊಳಗೆ ಸೇರುತ್ತಾರೆ. ಕೊಡೆ ಹಿಡಿದು ನಡೆಯುವ ಉತ್ಸಾಹಿಗಳೂ ಉಂಟು. ನಾವು ಆ ಪಂಗಡದವರಲ್ಲ. ಅಂಥ ಒಂದು ಮಳೆಗಾಲದಲ್ಲಿ, ಮನೆಯಲ್ಲಿಯೇ ಅಂಗಸಾಧನೆ ಮಾಡಿ ಬಲಶಾಲಿಗಳಾಗಬೇಕೆಂಬ ಹಂಬಲ ನಮಗೆ ಹುಟ್ಟಿತು. ಕಬ್ಬಿಣದ ಡಂಬೆಲ್ ಒಂದು ಜೊತೆ ತಂದೆವು. ಯಾವನೋ ಪುಷ್ಟದೇಹಿಯೊಬ್ಬನ ಚಲನಚಿತ್ರವನ್ನು ಫೋನಿನಲ್ಲಿ ನೋಡುತ್ತ, ಮೊದಲ ದಿನವೇ ನೂರು ಬಸ್ಕಿ, ಐವತ್ತು ದಂಡ, ಅದರ ಮೇಲೆ ಡಂಬೆಲ್ ಎತ್ತುವುದು, ಎಲ್ಲವನ್ನೂ ಮಾಡಿ ಮುಗಿಸಿದೆವು. ಎರಡನೆಯ ದಿನ ಮೈ ಬಿಗಿಯಿತು. ಮೂರನೆಯ ದಿನ ಮಹಡಿಯ ಮೆಟ್ಟಿಲನ್ನು ಕಂಬಿ ಹಿಡಿದುಕೊಂಡು ಹಿಮ್ಮುಖವಾಗಿ ಇಳಿದೆವು. ನಾಲ್ಕನೆಯ ದಿನದಿಂದ ಮುಂದೆ ಎಂಟು ತಿಂಗಳು ಆ ಡಂಬೆಲ್‌ಗಳು ಗಾಳಿಗೆ ಬಾಗಿಲು ಬಡಿದುಕೊಳ್ಳದಂತೆ ತಡೆಯುವ ಕೆಲಸವನ್ನು ಚೆನ್ನಾಗಿ ನಿರ್ವಹಿಸಿದವು.

ಆರಂಭಿಸಿದವರಲ್ಲಿ ಬಹುಮಂದಿ ಕೈಬಿಡುವುದು ಹೀಗೆಯೇ ಎಂದು ನಮ್ಮ ನಂಬಿಕೆ. ಸೋಮಾರಿತನವನ್ನು ದೂಷಿಸುವುದು ಸುಲಭ; ಆದರೆ ನಮ್ಮನ್ನು ಕೆಡಿಸಿದ್ದು ಸೋಮಾರಿತನವಲ್ಲ, ಮೊದಲ ದಿನದ ಅತ್ಯುತ್ಸಾಹ. ಇನ್ನೂ ಆಳಕ್ಕೆ ಇಳಿದು ನೋಡಿದರೆ, ನಮ್ಮನ್ನು ನಾವೇ ಶಿಕ್ಷಿಸಿಕೊಳ್ಳುತ್ತಿದ್ದೆವು. ಇಷ್ಟು ದಿನ ಸುಮ್ಮನಿದ್ದ ತಪ್ಪಿಗೆ ನೂರು ಬಸ್ಕಿ! ಮೇಷ್ಟರು ಪಕ್ಕದಲ್ಲಿಲ್ಲದಿದ್ದರೂ ಅವರ ಲೆಕ್ಕ ನಮ್ಮ ತಲೆಯೊಳಗೆ ಕುಳಿತಿತ್ತು.

ಮರುವರ್ಷ ನಮ್ಮ ತಾಯಿಯವರು ಕೊಚ್ಚಿಗೆ ಬಂದು ನಮ್ಮೊಡನೆ ಇರತೊಡಗಿದರು. ಮಣೆಯ ಮೇಲೆ ಕುಳಿತು ಊಟ ಮಾಡುವುದು ಅವರ ಬಾಳಿನುದ್ದದ ಪದ್ಧತಿ. ಊಟವಾದ ಮೇಲೆ ಏಳುವಾಗ ಮೊದಲು ನೆಲಕ್ಕೆ ಕೈಯೂರುತ್ತಿದ್ದರು. ಆಮೇಲೆ ಕಿಟಕಿಯ ಸರಳು ಹಿಡಿಯತೊಡಗಿದರು. ಕೊನೆಗೆ ಒಂದು ದಿನ, "ನನಗೂ ಮೇಜಿನ ಮೇಲೆಯೇ ಬಡಿಸಿಬಿಡು, ಮಗು" ಎಂದರು. ಹೇಳಿದ ರೀತಿಯಲ್ಲಿ ದೂರೇನೂ ಇರಲಿಲ್ಲ. ಮಣೆ ಮಾತ್ರ ಅಡಿಗೆಮನೆಯ ಮೂಲೆಗೆ ಹೋಯಿತು. ಎರ್ನಾಕುಳಂನ ವೈದ್ಯರೊಬ್ಬರು ಅವರ ಮೊಣಕಾಲನ್ನು ಪರೀಕ್ಷಿಸಿ, ಕೀಲಿನ ಸವೆತ ವಯಸ್ಸಿಗೆ ತಕ್ಕಷ್ಟೇ ಇದೆ ಎಂದರು. ಅನಂತರ ಕೈಗಳನ್ನು ಎದೆಗೆ ಕಟ್ಟಿಕೊಂಡು ಕುರ್ಚಿಯಿಂದ ಐದು ಸಲ ಎದ್ದು ಕುಳಿತುಕೊಳ್ಳಿ ಎಂದು ಹೇಳಿದರು. ತಾಯಿಯವರು ಎರಡನೆಯ ಸಲವೇ ಹಿಂದಕ್ಕೆ ಕುಸಿದರು. "ದುರ್ಬಲವಾಗಿರುವುದು ಮಂಡಿಗಿಂತ ಹೆಚ್ಚಾಗಿ ತೊಡೆ. ಇದನ್ನೇ ಮನೆಯಲ್ಲಿ ಮಾಡಿಸಿ, ಇದೇ ಔಷಧ" ಎಂದು ವೈದ್ಯರು ಹೇಳಿದರು. ಮನೆಗೆ ಬರುವ ದಾರಿಯಲ್ಲಿ ತಾಯಿಯವರು ಆಟೋರಿಕ್ಷಾದಲ್ಲಿ ಬಹಳ ಹೊತ್ತು ಮೌನವಾಗಿದ್ದು, ಕೊನೆಗೆ ಕೇಳಿದರು: "ಏನು ತಪ್ಪು ಮಾಡಿದೆನೆಂದು ಈ ವಯಸ್ಸಿನಲ್ಲಿ ನನ್ನ ಕೈಯಲ್ಲಿ ಬಸ್ಕಿ ಹೊಡೆಸುತ್ತೀಯೋ?"

ಆ ಪ್ರಶ್ನೆಗೆ ಸರಿಯಾದ ಉತ್ತರವನ್ನು ಹುಡುಕಿ ನಾವು ಸ್ವಲ್ಪ ಓದಬೇಕಾಯಿತು. ನಡುವಯಸ್ಸು ದಾಟುತ್ತಲೂ ಮನುಷ್ಯನ ಮಾಂಸಖಂಡ ಮೆಲ್ಲಮೆಲ್ಲನೆ ಕರಗತೊಡಗುತ್ತದೆ. ಅರವತ್ತರ ಮೇಲೆ ಕರಗುವಿಕೆ ಬಿರುಸಾಗುತ್ತದೆ. ಇದಕ್ಕೆ ಸಾರ್ಕೊಪೀನಿಯ ಎಂಬ ಹೆಸರು ಬಂದದ್ದು 1989ರಷ್ಟು ಈಚೆಗೆ. ಹೆಸರಿಲ್ಲದಷ್ಟು ಕಾಲ ಎಲ್ಲರೂ ಅದನ್ನು ಮುಪ್ಪು ಎಂದುಕೊಂಡು ಸುಮ್ಮನಿದ್ದರು. 1990ರಲ್ಲಿ ಅಮೆರಿಕದ ಬೋಸ್ಟನ್ ನಗರದ ವೈದ್ಯರು, ವೃದ್ಧರ ಆರೈಕೆಯ ಸಂಸ್ಥೆಯೊಂದರಲ್ಲಿದ್ದ ತೊಂಬತ್ತರ ಆಸುಪಾಸಿನ ಹತ್ತು ಮಂದಿಗೆ ಎಂಟು ವಾರಗಳ ಕಾಲ ಕಾಲಿನಿಂದ ಭಾರವನ್ನೆತ್ತುವ ಸಾಧನೆ ಮಾಡಿಸಿ ಅದರ ಫಲವನ್ನು ಪ್ರಕಟಿಸಿದರು. ಅವಧಿಯನ್ನು ಪೂರೈಸಿದ ಒಂಬತ್ತು ಮಂದಿಯ ಕಾಲಿನ ಬಲ ಸರಾಸರಿಯಲ್ಲಿ ಶೇಕಡ 174ರಷ್ಟು ಹೆಚ್ಚಿತ್ತು. ಎಂದರೆ, ಎರಡೂವರೆ ಪಾಲಿಗಿಂತಲೂ ಮಿಗಿಲಾಯಿತು. ತೊಂಬತ್ತರಲ್ಲಿಯೂ ಶರೀರ ಕಲಿಯುತ್ತದೆಯೆಂದ ಮೇಲೆ, ಹದಿಮೂರರಲ್ಲಿಯೂ ಎಪ್ಪತ್ತರಲ್ಲಿಯೂ ಕಲಿಯಲಾರದೆ? ನಾವಿರುವ ಕೇರಳದಲ್ಲಿ ಈ ಪ್ರಶ್ನೆಗೆ ತೂಕ ಹೆಚ್ಚು. 2011ರ ಜನಗಣತಿಯ ಪ್ರಕಾರ ಅಲ್ಲಿ ನೂರಕ್ಕೆ ಹನ್ನೆರಡು ಮಂದಿಗಿಂತ ಹೆಚ್ಚು ಜನ ಅರವತ್ತನ್ನು ದಾಟಿದವರು. ಇಡೀ ದೇಶದಲ್ಲಿ ಆ ಲೆಕ್ಕ ಎಂಟೂವರೆಯ ಸುಮಾರು. ಮಕ್ಕಳು ದೂರದೇಶಗಳಲ್ಲಿದ್ದು, ಮುದುಕರಿಬ್ಬರೇ ದೊಡ್ಡ ಮನೆಯಲ್ಲಿರುವುದು ಆ ನಾಡಿನ ಬೀದಿಬೀದಿಯಲ್ಲಿಯೂ ಕಾಣುವ ದೃಶ್ಯ. ಅಂಥ ಮನೆಯಲ್ಲಿ ಬಚ್ಚಲಲ್ಲಿ ಜಾರಿ ಬಿದ್ದವರು ತಾವೇ ಎದ್ದು ಬಾಗಿಲು ತೆಗೆಯಬಲ್ಲರೋ ಇಲ್ಲವೋ ಎಂಬುದು ತೊಡೆಯ ಬಲವನ್ನು ಅವಲಂಬಿಸಿದ ಮಾತು.

ಇನ್ನು ಆರಂಭಿಸುವ ಬಗೆ. ಇದನ್ನು ನಮಗೆ ಮೊದಲು ಕಲಿಸಿದ್ದು ಫೋರ್ಟ್ ಕೊಚ್ಚಿಯ ಚೀನೀ ಬಲೆಗಳು ಎಂದರೆ ವಾಚಕರು ನಗಬಹುದು. ಅಲ್ಲಿಗೆ ಪ್ರವಾಸ ಹೋದವರು ಸೂರ್ಯಾಸ್ತದ ಮುಂದೆ ಅವುಗಳ ಚಿತ್ರ ತೆಗೆದುಕೊಂಡು ಬರುತ್ತಾರೆ; ಅವು ಕೆಲಸ ಮಾಡುವ ಬಗೆಯನ್ನು ನಿಂತು ನೋಡುವವರು ಕಡಿಮೆ. ಉದ್ದವಾದ ಮರದ ತೊಲೆಗಳ ತುದಿಯಲ್ಲಿ ಮನೆಯಷ್ಟು ದೊಡ್ಡ ಬಲೆ. ಈಚೆಯ ತುದಿಯಲ್ಲಿ ಹಗ್ಗಗಳಿಗೆ ಕಟ್ಟಿದ ದೊಡ್ಡ ದೊಡ್ಡ ಕಲ್ಲುಗಳು. ತೂಕವನ್ನು ಎಷ್ಟು ಚೆನ್ನಾಗಿ ಸರಿದೂಗಿಸಿದ್ದಾರೆಂದರೆ, ಒಬ್ಬ ಮನುಷ್ಯ ತೊಲೆಯ ಮೇಲೆ ನಡೆದು ಮುಂದೆ ಹೋದರೆ ಬಲೆ ನೀರಿಗಿಳಿಯುತ್ತದೆ. ನಾಲ್ಕೈದು ಮಂದಿ ಹಗ್ಗ ಎಳೆದರೆ ಮೇಲೇಳುತ್ತದೆ. ಬಲೆಯ ತೂಕ ಅಷ್ಟೇ, ಮನುಷ್ಯನ ತೂಕವೂ ಅಷ್ಟೇ. ನಿಂತ ಜಾಗ ಬದಲಾದರೆ ಹೊರೆ ಬದಲಾಗುತ್ತದೆ.

ನಮ್ಮ ದೇಹವೂ ಇಂಥದೇ ಒಂದು ತಕ್ಕಡಿ. ನೆಲದ ಮೇಲೆ ದಂಡ ಹೊಡೆಯುವಾಗ ನಮ್ಮ ತೂಕದ ಮೂರರಲ್ಲಿ ಎರಡು ಪಾಲಿನಷ್ಟು ಕೈಗಳ ಮೇಲೆ ಬೀಳುತ್ತದೆ. ಮಂಡಿಯೂರಿ ಮಾಡಿದರೆ ಸುಮಾರು ಅರ್ಧ. ಕಿಟಕಿಯ ಕಟ್ಟೆಗೆ ಕೈಯಿಟ್ಟು ಓರೆಯಾಗಿ ನಿಂತು ಮಾಡಿದರೆ ಇನ್ನೂ ಕಡಿಮೆ. ಗೋಡೆಗೆ ಕೈಯಿಟ್ಟರೆ ಎಳೆಯ ಮಗುವೂ ಮಾಡಬಲ್ಲಷ್ಟು. ಆದುದರಿಂದ ದಂಡ ಹೊಡೆಯಲು ಬಾರದವರು ಲೋಕದಲ್ಲಿಲ್ಲ. ಯಾವ ಎತ್ತರದಿಂದ ಆರಂಭಿಸಬೇಕೆಂದು ತಿಳಿಯದವರು ಮಾತ್ರ ಉಂಟು. ಗೋಡೆಯಿಂದ ತೊಡಗಿ, ಹತ್ತು ಹನ್ನೆರಡು ಸಲ ಮಾಡುವುದು ಸಲೀಸಾದಾಗ ಮೇಜಿಗೆ ಇಳಿಯುವುದು, ಅದು ಸಲೀಸಾದಾಗ ಮಂಚಕ್ಕೆ, ಕಡೆಗೆ ನೆಲಕ್ಕೆ. ಬಸ್ಕಿಯೂ ಹಾಗೆಯೇ. ಮೊದಲು ಎತ್ತರದ ಕುರ್ಚಿಯಿಂದ ಏಳುವುದು, ಆಮೇಲೆ ತಗ್ಗಾದ ಮೋಡದಿಂದ, ಆಮೇಲೆ ಬರಿಯ ಬಸ್ಕಿ. ಹಿಮ್ಮಡಿ ನೆಲ ಬಿಡಬಾರದು. ಮಂಡಿ ಕಾಲ್ಬೆರಳು ತೋರುವ ಕಡೆಗೇ ಬಾಗಬೇಕು, ಒಳಗೆ ವಾಲಬಾರದು. ಉಸಿರು ಬಿಗಿಹಿಡಿಯಬಾರದು, ಏಳುವಾಗ ಹೊರಗೆ ಬಿಡಬೇಕು. ಇಷ್ಟೇ ಶಾಸ್ತ್ರ. ಅಂಗಾತ ಮಲಗಿ ಮಂಡಿ ಮಡಚಿ ಸೊಂಟವನ್ನು ಮೇಲೆತ್ತುವುದು ಬೆನ್ನಿಗೂ ಪೃಷ್ಠಕ್ಕೂ ಒಳ್ಳೆಯದು.

ದೂಡುವುದಾಯಿತು, ಕುಳಿತೇಳುವುದಾಯಿತು, ಎಳೆಯುವುದಕ್ಕೆ ಏನು ಮಾಡುವುದು? ಮನೆಯಲ್ಲಿ ಬಕೀಟು ಇಲ್ಲವೆ? ಒಂದು ಲೀಟರು ನೀರಿನ ತೂಕ ಒಂದು ಕಿಲೋಗ್ರಾಂ ಎಂದು ವಿಜ್ಞಾನದ ಪಾಠದಲ್ಲಿ ಓದಿ ಪರೀಕ್ಷೆಯಲ್ಲಿ ಬರೆದು ಮರೆತಿದ್ದೇವೆ. ಅದಕ್ಕಿಂತ ಅಗ್ಗದ, ಅದಕ್ಕಿಂತ ನಿಖರವಾದ ವ್ಯಾಯಾಮದ ಸಾಧನ ಯಾವ ಅಂಗಡಿಯಲ್ಲಿಯೂ ದೊರೆಯದು. ಬಕೀಟಿಗೆ ಮೂರು ಲೀಟರು ನೀರು ಹೊಯ್ದು, ಒಂದು ಕೈಯನ್ನು ಮೇಜಿಗೆ ಊರಿ, ಬೆನ್ನನ್ನು ನೇರವಾಗಿಟ್ಟು ಮುಂದಕ್ಕೆ ಬಾಗಿ, ಇನ್ನೊಂದು ಕೈಯಿಂದ ಬಾವಿಯ ಹಗ್ಗ ಸೇದುವಂತೆ ಬಕೀಟನ್ನು ಪಕ್ಕೆಯವರೆಗೆ ಎಳೆದು ಇಳಿಸಬೇಕು. ಮುಂದಿನ ವಾರ ಮೂರೂವರೆ ಲೀಟರು. ಅಂಗಡಿಯ ಡಂಬೆಲ್ ಹೀಗೆ ಅರ್ಧರ್ಧ ಕಿಲೋ ಬೆಳೆಯುವುದಿಲ್ಲ. ನೀರು ಚೆಲ್ಲಿದರೆ ಬೆನ್ನು ಓಲಾಡಿತೆಂದು ಅರ್ಥ. ನೆಲ ಒರೆಸಿ ಮತ್ತೆ ಆರಂಭಿಸಿದರಾಯಿತು. ಗೃಹಿಣಿಯರ ಕೋಪಕ್ಕೆ ನಾವು ಹೊಣೆಯಲ್ಲ.

ಎಷ್ಟು ಮಾಡಬೇಕು? ಒಂದೊಂದನ್ನೂ ಎಂಟರಿಂದ ಹತ್ತು ಸಲ, ನಡುವೆ ದಣಿವಾರಿಸಿಕೊಂಡು ಎರಡು ಸುತ್ತು. ವಾರಕ್ಕೆ ಮೂರು ದಿನ, ನಡುವೆ ಒಂದೊಂದು ದಿನದ ಬಿಡುವು. ಇನ್ನೂ ಎರಡು ಸಲ ಮಾಡಬಲ್ಲೆನೆಂಬ ತ್ರಾಣ ಉಳಿದಿರುವಾಗಲೇ ನಿಲ್ಲಿಸಬೇಕು. ಮೊದಲ ವಾರ ಇದು ತೀರ ಅಲ್ಪವೆನಿಸುತ್ತದೆ. ಅಲ್ಪವೆನಿಸಬೇಕು. ಮಾಂಸಖಂಡ ಬೆಳೆಯುವುದು ಕೆಲಸದ ಹೊತ್ತಿನಲ್ಲಲ್ಲ, ಅನಂತರದ ವಿಶ್ರಾಂತಿಯಲ್ಲಿ, ನಿದ್ರೆಯಲ್ಲಿ. ಮೊದಲ ಕೆಲವು ವಾರಗಳಲ್ಲಿ ತೋಳನ್ನು ಅಳೆದು ನೋಡಿ ನಿರಾಶರಾಗುವುದೂ ಬೇಡ. ಆಗ ಹೆಚ್ಚುವ ಬಲ ಬಹುಮಟ್ಟಿಗೆ ನರಗಳು ಕಲಿತ ಬಲ. ಇರುವ ಸ್ನಾಯುವನ್ನೇ ಮೆದುಳು ಹೆಚ್ಚು ದಕ್ಷತೆಯಿಂದ ದುಡಿಸಲು ಕಲಿಯುತ್ತದೆ. ಕಣ್ಣಿಗೆ ಕಾಣುವ ಬೆಳವಣಿಗೆ ಅದರ ಹಿಂದೆ ನಿಧಾನವಾಗಿ ಬರುತ್ತದೆ. ಪುರಾತನ ಗ್ರೀಸಿನ ಮಿಲೋ ಎಂಬ ಜಟ್ಟಿ ದಿನವೂ ಒಂದು ಕರುವನ್ನು ಹೊತ್ತು ನಡೆದು, ಅದು ಹೋರಿಯಾದಾಗ ಹೋರಿಯನ್ನೇ ಹೊತ್ತನೆಂಬ ಕಥೆಯುಂಟು. ಕಥೆ ಹೇಗಾದರೂ ಇರಲಿ, ಅದರ ತತ್ತ್ವ ಸತ್ಯ. ಎರಡನೆಯ ಮಹಾಯುದ್ಧದಲ್ಲಿ ಗಾಯಗೊಂಡ ಸೈನಿಕರ ಕಾಲುಗಳಿಗೆ ಥಾಮಸ್ ಡಿಲಾರ್ಮ್ ಎಂಬ ಅಮೆರಿಕದ ವೈದ್ಯನು ಇದೇ ರೀತಿ ಭಾರವನ್ನು ಹಂತಹಂತವಾಗಿ ಏರಿಸುತ್ತ ಚಿಕಿತ್ಸೆ ಮಾಡಿ, 1945ರಲ್ಲಿ ಅದನ್ನು ವೈದ್ಯಲೋಕದ ಮುಂದಿಟ್ಟನು. ಇಂದಿನ ಭಾರಸಾಧನೆಯ ಲೆಕ್ಕಾಚಾರವೆಲ್ಲ ಬಹುಮಟ್ಟಿಗೆ ಆ ಹಾದಿಯದು.

ಇಲ್ಲಿ ಒಂದು ಆಕ್ಷೇಪ ಬರುವುದುಂಟು. ಮಟ್ಟಾಂಚೇರಿಯ ಬಜಾರಿನಲ್ಲಿ ಅಕ್ಕಿಯ ಮೂಟೆ ಹೊರುವವನು ಯಾವ ಶಾಸ್ತ್ರವನ್ನು ಓದಿದ್ದಾನೆ, ಅವನಿಗಿಂತ ಬಲಿಷ್ಠರು ಯಾರು, ಎಂದು. ಆ ಬೀದಿಯಲ್ಲಿ ನಾವು ಅನೇಕ ಸಲ ನಿಂತಿದ್ದೇವೆ. ಹೊರೆಯಾಳಿನ ಕತ್ತು, ತೊಡೆ, ಹೆಜ್ಜೆಯ ಅಳತೆ ಇವುಗಳನ್ನು ನೋಡಿ ಯಾರಾದರೂ ತಲೆದೂಗಬೇಕು. ಆದರೆ ಆತನಿಗೆ ತನ್ನ ಭಾರವನ್ನು ತಾನು ಆರಿಸಿಕೊಳ್ಳುವ ಸ್ವಾತಂತ್ರ್ಯವಿಲ್ಲ. ಬೆನ್ನು ನೊಂದ ದಿನ ಬಿಡುವು ತೆಗೆದುಕೊಂಡರೆ ಕೂಲಿಯಿಲ್ಲ. ಆ ಶ್ರಮಜೀವಿಗಳ ರಕ್ಷಣೆಗೆಂದು 1978ರಲ್ಲಿ ಕೇರಳ ಸರಕಾರ ಪ್ರತ್ಯೇಕ ಕಾಯಿದೆಯನ್ನೇ ಮಾಡಬೇಕಾಗಿ ಬಂದಿತು. ಭಾರವನ್ನು ಆರಿಸುವ ಹಕ್ಕು, ನಿಲ್ಲಿಸುವ ಹಕ್ಕು, ಇವೆರಡೂ ಇದ್ದಾಗ ಮಾತ್ರ ಭಾರವು ಸಾಧನೆಯಾಗುತ್ತದೆ. ಶಾಲೆಯ ಬಸ್ಕಿಯಲ್ಲಿ ಇಲ್ಲದಿರುವುದೂ ಈ ಎರಡು ಹಕ್ಕುಗಳೇ.

ತಾಯಿಯವರ ಕಥೆ ನಡುವೆ ನಿಂತಿತು. ಅವರು ಮನಸ್ಸಿಲ್ಲದ ಮನಸ್ಸಿನಿಂದ ಆರಂಭಿಸಿದರು. ಕುರ್ಚಿಯ ಮೇಲೆ ಎರಡು ತಲೆದಿಂಬುಗಳನ್ನಿಟ್ಟು ಎತ್ತರ ಮಾಡಿ, ಬಾಗಿಲ ಚೌಕಟ್ಟನ್ನು ಒಂದು ಕೈಯಲ್ಲಿ ಹಿಡಿದು, ನಾಲ್ಕು ಸಲ ಏಳುವುದು. ಮೂರು ವಾರ ಕಳೆದ ಮೇಲೆ ಒಂದು ದಿಂಬು ಹೋಯಿತು. ಅವರ ಜೊತೆಗೆ ನಾವೂ ಮಾಡತೊಡಗಿದೆವು. ಡಂಬೆಲ್‌ಗಳಿಗೆ ಬಾಗಿಲಿನ ಚಾಕರಿ ತಪ್ಪಿತು. ಹೊರಗೆ ಮಳೆ, ಒಳಗೆ ಎರಡು ಚಾಪೆಯಗಲದ ಜಾಗ. ಆದರೂ ಅವರ ಮುಖದಲ್ಲಿದ್ದ ಸಂಕೋಚ ಹೋಗಿರಲಿಲ್ಲ. ಕೆಲಸದ ಹೆಂಗಸು ಬಂದರೆ ಸುಮ್ಮನೆ ಕುಳಿತುಬಿಡುತ್ತಿದ್ದರು.

ಮಳೆ ಇಳಿದ ಮೇಲೆ ಅವರು ಅನಂತಪದ್ಮನಾಭನ ದರ್ಶನ ಮಾಡಬೇಕೆಂದರು. ಕೊಚ್ಚಿಯಿಂದ ಸುಮಾರು 200 ಕಿಲೋಮೀಟರು ರೈಲು ಪ್ರಯಾಣ ಮಾಡಿ ತಿರುವನಂತಪುರವನ್ನು ಸೇರಿದೆವು. ಅಲ್ಲಿ ಪೂರ್ವದ ಕೋಟೆಯ ಬಳಿ ಪಳವಂಗಾಡಿ ಗಣಪತಿಯ ಗುಡಿಯಿದೆ. ತಿರುವಾಂಕೂರಿನ ಸೈನಿಕರು ಆರಾಧಿಸುತ್ತಿದ್ದ ದೇವರು. ಇಂದಿಗೂ ಅದರ ಆಡಳಿತ ಭಾರತೀಯ ಸೇನೆಯದು. ಕಲ್ಲಿಗೆ ತೆಂಗಿನಕಾಯಿ ಒಡೆಯುವ ಸದ್ದು ಬಿಟ್ಟೂಬಿಡದೆ ಕೇಳುತ್ತಿತ್ತು. ಗಣಪತಿಯ ಎದುರು, ಕಚೇರಿಗೆ ಹೊರಟ ಗುಮಾಸ್ತರು, ಕಾಲೇಜಿನ ಹುಡುಗಿಯರು, ಮುದುಕರು, ತೋಳುಗಳನ್ನು ಅಡ್ಡಹಾಕಿ ಎಡಗೈಯಲ್ಲಿ ಬಲಗಿವಿಯನ್ನೂ ಬಲಗೈಯಲ್ಲಿ ಎಡಗಿವಿಯನ್ನೂ ಹಿಡಿದು ಕುಳಿತೇಳುತ್ತಿದ್ದರು. ಕೇರಳದಲ್ಲಿ ಇದನ್ನು ಏತ್ತಮಿಡುವುದು ಎನ್ನುತ್ತಾರೆ. ಗಣಪತಿಗೆ ಅತ್ಯಂತ ಪ್ರಿಯವಾದ ಸೇವೆಯಂತೆ. ನಮ್ಮ ಕಡೆಯಲ್ಲಿಯೂ ಗಣಪನ ಮುಂದೆ ಬಸ್ಕಿ ಹಾಕುವ ರೂಢಿ ಇಲ್ಲದಿಲ್ಲ. ಆದರೆ ಹೀಗೆ ಊರಿಗೆ ಊರೇ, ಯಾವ ಸಂಕೋಚವೂ ಇಲ್ಲದೆ, ನಸುನಗುತ್ತ ಬಸ್ಕಿ ಹಾಕುವುದನ್ನು ತಾಯಿಯವರು ನೋಡಿರಲಿಲ್ಲ. ಸ್ವಲ್ಪ ಹೊತ್ತು ನಿಂತು ನೋಡಿದರು. ಅನಂತರ ಕೈಚೀಲವನ್ನು ನಮ್ಮ ಕೈಗೆ ಕೊಟ್ಟು, ಒಂದು ಕೈಯಿಂದ ನಮ್ಮ ಭುಜ ಹಿಡಿದು, ಇನ್ನೊಂದು ಕೈಯಿಂದ ಕಿವಿ ಹಿಡಿದು, ಮೂರು ಸಲ ಅರ್ಧಕ್ಕೆ ಕುಳಿತು ಎದ್ದರು. ಮೂರನೆಯದರಲ್ಲಿ ಭುಜದ ಮೇಲಿನ ಹಿಡಿತ ಸಡಿಲವಾಗಿದ್ದುದು ನಮಗೆ ತಿಳಿಯಿತು.

ಅಲ್ಲಿಂದ ಕೂಗಳತೆಯಲ್ಲಿ, ಅದೇ ಕೋಟೆಯ ಪರಿಸರದಲ್ಲಿ, ಸಿ.ವಿ.ಎನ್. ಕಳರಿ ಇದೆ. 1956ರಲ್ಲಿ ಗೋವಿಂದನ್‌ಕುಟ್ಟಿ ನಾಯರ್ ಅವರು ಸ್ಥಾಪಿಸಿದ್ದು. ಉತ್ತರ ಮಲಬಾರಿನ ಕಳರಿಪಯಟ್ಟನ್ನು ತಿರುವಾಂಕೂರಿನ ರಾಜಧಾನಿಗೆ ತಂದು ನೆಲೆಗೊಳಿಸಿದ ಕೀರ್ತಿ ಅದಕ್ಕೆ ಸಲ್ಲುತ್ತದೆ. ಕಳರಿಯೆಂದರೆ ನೆಲಮಟ್ಟಕ್ಕಿಂತ ತಗ್ಗಾಗಿ ಅಗೆದ ಮಣ್ಣಿನ ಅಂಕಣ. ಸಂಪ್ರದಾಯದಲ್ಲಿ ಹೇಳುವ ಅಳತೆ 42 ಅಡಿ ಉದ್ದ, 21 ಅಡಿ ಅಗಲ. ಮೇಲಿನಿಂದ ನೋಡಿದರೆ ನಮ್ಮ ಗರಡಿಯ ಕೆಮ್ಮಣ್ಣಿನ ಮಟ್ಟಿಯೇ ಜ್ಞಾಪಕಕ್ಕೆ ಬರುತ್ತದೆ. ಕತ್ತಿ ಗುರಾಣಿಗಳ ಝಣತ್ಕಾರವನ್ನು ನಿರೀಕ್ಷಿಸಿ ಹೋದ ನಮಗೆ ಕಂಡದ್ದು ಬೇರೆ. ಎಣ್ಣೆ ಹಚ್ಚಿದ ಮೈಯ ಹುಡುಗರು ಕಾಲನ್ನು ತಲೆಯೆತ್ತರಕ್ಕೆ ಬೀಸುತ್ತ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗುತ್ತಿದ್ದರು. ಆನೆಯ, ಸಿಂಹದ, ಹಂದಿಯ, ಕುದುರೆಯ ನಿಲುವುಗಳಲ್ಲಿ ಮಂಡಿ ಮಡಚಿ ಆಳವಾಗಿ ಕುಳಿತು ಏಳುತ್ತಿದ್ದರು. ಈ ವಿದ್ಯೆಯ ಮೊದಲ ಘಟ್ಟಕ್ಕೆ ಮೆಯ್ತಾರಿ, ಎಂದರೆ ಮೈಯ ಸಾಧನೆ, ಎಂದು ಹೆಸರು. ಅದು ಹದಕ್ಕೆ ಬಂದ ಮೇಲೆ ಕೋಲು. ಕೋಲು ಬಂದ ಮೇಲೆ ಲೋಹದ ಆಯುಧ. ಕಬ್ಬಿಣವನ್ನು ಮೊದಲು ಕೊಂಡು ಮೈಯನ್ನು ಆಮೇಲೆ ವಿಚಾರಿಸಿದ ನಮ್ಮ ತಪ್ಪು ಯಾವುದೆಂದು ಅಲ್ಲಿ ತಿಳಿಯಿತು.

ಗುಡಿಯಲ್ಲಿ ಕುಳಿತೇಳಿದರೆ ಸೇವೆ, ಕಳರಿಯಲ್ಲಿ ವಿದ್ಯೆ, ವೈದ್ಯರಲ್ಲಿ ಔಷಧ, ಶಾಲೆಯಲ್ಲಿ ಮಾತ್ರ ಶಿಕ್ಷೆ. ಇದು ಎಂಥ ವಿಪರ್ಯಾಸ! ಅದರಲ್ಲಿಯೂ ಕನ್ನಡಿಗರಾದ ನಮಗೆ ಇದು ಭೂಷಣವಲ್ಲ. ನಿಂಬುಜಾದೇವಿಯ ಪೂಜೆ ಮಾಡಿ ಮಟ್ಟಿಗಿಳಿಯುತ್ತಿದ್ದ ಜಟ್ಟಿಗಳ ಊರು ನಮ್ಮದು. ‘ರೂಪದರ್ಶಿ’, ‘ಶಾಂತಲಾ’ ಕಾದಂಬರಿಗಳಿಂದ ಕನ್ನಡಿಗರೆಲ್ಲರಿಗೂ ಪರಿಚಿತರಾದ ಕೆ.ವಿ. ಅಯ್ಯರ್ ಅವರು ಬೆಂಗಳೂರಿನಲ್ಲಿ ವ್ಯಾಯಾಮಶಾಲೆಯನ್ನು ನಡೆಸಿದವರೆಂಬುದು ಇಂದಿನ ವಿದ್ಯಾರ್ಥಿಗಳಲ್ಲಿ ಎಷ್ಟು ಮಂದಿಗೆ ಗೊತ್ತು? 1930ರಲ್ಲಿಯೇ ಅವರು ಅಂಗಸಾಧನೆಯನ್ನು ಕುರಿತು ಇಂಗ್ಲಿಷಿನಲ್ಲಿ ಗ್ರಂಥ ಬರೆದರು. 1937ರಲ್ಲಿ ಸೂರ್ಯನಮಸ್ಕಾರವನ್ನು ಕುರಿತು ಇನ್ನೊಂದು. ಅವರು ಅಂಚೆಯ ಮೂಲಕವೂ ವ್ಯಾಯಾಮದ ಪಾಠಗಳನ್ನು ಕಳುಹಿಸುತ್ತಿದ್ದರು. ದೂರದ ಊರಿನವರು ತಮ್ಮ ಮನೆಯ ಕೋಣೆಯಲ್ಲಿ, ಗುರುವಿನ ಮುಖವನ್ನು ಕಾಣದೆ, ಕಾಗದವನ್ನು ಮುಂದಿಟ್ಟುಕೊಂಡು ಸಾಧನೆ ಮಾಡುತ್ತಿದ್ದರು. ಮನೆಯಲ್ಲಿ ಅಂಗಸಾಧನೆ ಮಾಡುವುದು ಫೋನು ಬಂದ ಮೇಲಿನ ಹೊಸತಲ್ಲ. ಬಲವಾದ ತೋಳು ಮತ್ತು ಸೊಗಸಾದ ಗದ್ಯ ಒಬ್ಬನೇ ಮನುಷ್ಯನಲ್ಲಿ ಇರಬಲ್ಲವೆಂಬುದಕ್ಕೆ, ಮೊದಲ ಬೆಂಚಿನ ನಮ್ಮ ಮಿತ್ರರಿಗೆ, ಅವರಿಗಿಂತ ಬೇರೆ ಸಾಕ್ಷಿ ಬೇಕಿಲ್ಲ.

ಕೆಲವು ಭಯಗಳನ್ನು ಬೇಗನೆ ಕಳೆದುಬಿಡೋಣ. ಎಳೆಯ ವಯಸ್ಸಿನಲ್ಲಿ ಭಾರ ಎತ್ತಿದರೆ ಎತ್ತರ ಕುಂಠಿತವಾಗುತ್ತದೆಯೆಂಬುದು ಮನೆಮನೆಯ ಮಾತು. ತಿಳಿದವರ ಮೇಲ್ವಿಚಾರಣೆಯಲ್ಲಿ ಹಿತಮಿತವಾಗಿ ಮಾಡಿದ ಸಾಧನೆಯಿಂದ ಹಾಗಾಗುತ್ತದೆಂಬುದಕ್ಕೆ ಆಧಾರವಿಲ್ಲ. ಐದರಿಂದ ಹದಿನೇಳು ವಯಸ್ಸಿನವರು ವಾರಕ್ಕೆ ಮೂರು ದಿನವಾದರೂ ಸ್ನಾಯು ಮತ್ತು ಮೂಳೆಗಳನ್ನು ಬಲಪಡಿಸುವ ಚಟುವಟಿಕೆ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯೇ 2020ರಲ್ಲಿ ಹೇಳಿದೆ. ಡಬ್ಬಿಯ ಪುಡಿಗಳನ್ನು ಕೊಳ್ಳದಿದ್ದರೆ ಸಾಧನೆ ವ್ಯರ್ಥವೆಂಬುದು ಇನ್ನೊಂದು ಭ್ರಾಂತಿ. ನೂರು ಗ್ರಾಂ ಕಡಲೆಕಾಯಿ ಬೀಜದಲ್ಲಿ ಸುಮಾರು 25 ಗ್ರಾಂ ಸಸಾರಜನಕವುಂಟು. ಹುರುಳಿಯಲ್ಲಿ ಅದಕ್ಕೆ ಸ್ವಲ್ಪವೇ ಕಡಿಮೆ. ಹುರುಳಿ ಕಟ್ಟಿನ ಸಾರನ್ನು ಬಿಟ್ಟು ಪುಡಿಯ ಡಬ್ಬಿಯ ಹಿಂದೆ ಹೋಗುವವರಿಗೆ ನಾವು ಏನೂ ಹೇಳಲಾರೆವು. ಇನ್ನು, ಹೆಣ್ಣುಮಕ್ಕಳಿಗೆ ಇದೆಲ್ಲ ಸಲ್ಲದೆಂಬ ಮಾತು. ಉತ್ತರ ಕೇರಳದ ವಡಗರದಲ್ಲಿ ಎಪ್ಪತ್ತು ದಾಟಿದ ಮೇಲೆಯೂ ಕತ್ತಿ ಹಿಡಿದು ಕಳರಿ ಕಲಿಸಿದ ಮೀನಾಕ್ಷಿ ಅಮ್ಮನವರಿಗೆ 2017ರಲ್ಲಿ ಪದ್ಮಶ್ರೀ ಬಂದಿತು. ನಮ್ಮ ದೇಶಕ್ಕೆ ಒಲಿಂಪಿಕ್ಸ್ ಪದಕವನ್ನು ತಂದ ಮೊದಲ ಮಹಿಳೆ, ಕರ್ಣಂ ಮಲ್ಲೇಶ್ವರಿ, 2000ದ ಸಿಡ್ನಿ ಕ್ರೀಡೆಗಳಲ್ಲಿ ಅದನ್ನು ಗಳಿಸಿದ್ದು ಭಾರ ಎತ್ತಿಯೇ: ಎರಡು ವಿಧಾನಗಳಲ್ಲಿ ಒಟ್ಟು 240 ಕಿಲೋಗ್ರಾಂ. ಮುಪ್ಪಿನಲ್ಲಿ ಮೂಳೆ ಸವೆದು ಹೆಚ್ಚು ನರಳುವವರು ಹೆಂಗಸರು. ಸ್ನಾಯುಸಾಧನೆ ಮೊದಲು ಬೇಕಾದದ್ದು ಅವರಿಗೆ.

ನಿಜವಾದ ಭಯ ಒಂದುಂಟು, ಅದನ್ನು ಮರೆಮಾಚಬಾರದು. ಅಭ್ಯಾಸವಿಲ್ಲದ ಮೈಗೆ ಒಮ್ಮೆಲೇ ಅತಿಯಾದ ಬಸ್ಕಿಯನ್ನು ಹೊರಿಸಿದರೆ ತೊಡೆಯ ಸ್ನಾಯುವಿನ ತಂತುಗಳು ಒಡೆದು, ಅವುಗಳೊಳಗಿನ ದ್ರವ್ಯ ರಕ್ತಕ್ಕೆ ಸೇರಿ, ಮೂತ್ರಪಿಂಡಗಳು ಕೆಡುವುದುಂಟು. ಮೂತ್ರವು ಕಪ್ಪು ಚಹದ ಬಣ್ಣಕ್ಕೆ ತಿರುಗಿದರೆ ಒಂದು ಕ್ಷಣವೂ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಇದು ಅಪರೂಪವೇ ಸರಿ. ಆದರೆ ಶಿಕ್ಷೆಯಾಗಿ ನೂರಾರು ಬಸ್ಕಿ ಹೊಡೆದ ಮಕ್ಕಳಲ್ಲಿ ಹೀಗಾದುದು ವೈದ್ಯರ ಬರೆಹಗಳಲ್ಲಿದೆ. ಮಂಡಿಯಲ್ಲಾಗಲಿ ಎದೆಯಲ್ಲಾಗಲಿ ಚುಚ್ಚುವ ನೋವು ಬಂದರೆ ಅಲ್ಲಿಗೆ ನಿಲ್ಲಿಸಬೇಕು; ಹೃದ್ರೋಗ, ರಕ್ತದೊತ್ತಡಗಳಿರುವವರು ವೈದ್ಯರನ್ನು ಕೇಳಿಯೇ ಆರಂಭಿಸಬೇಕು.

2009ರ ಶಿಕ್ಷಣ ಹಕ್ಕು ಕಾಯಿದೆಯ 17ನೆಯ ಕಲಮು ಮಕ್ಕಳಿಗೆ ದೈಹಿಕ ಶಿಕ್ಷೆಯನ್ನು ನಿಷೇಧಿಸಿದೆ. ಬೆತ್ತ ಹೋಯಿತು, ಬಸ್ಕಿ ಮಾತ್ರ ಅನೇಕ ಕಡೆಗಳಲ್ಲಿ ಇನ್ನೂ ಉಳಿದಿದೆ, ಅದು ‘ವ್ಯಾಯಾಮವೂ ಆಯಿತಲ್ಲ’ ಎಂಬ ನೆವದಿಂದ. ನಮ್ಮ ದೂರು ಈ ನೆವದ ಮೇಲೆ. ಗಣಿತವನ್ನು ಶಿಕ್ಷೆಯಾಗಿ ಕೊಟ್ಟರೆ ಮಗು ಗಣಿತವನ್ನು ದ್ವೇಷಿಸುತ್ತದೆಂದು ಗಣಿತದ ಅಧ್ಯಾಪಕರಿಗೆ ಗೊತ್ತು. ಅದೇ ಅಧ್ಯಾಪಕರು, ಪರೀಕ್ಷೆ ಹತ್ತಿರ ಬಂದಾಗ ವ್ಯಾಯಾಮದ ಅವಧಿಯನ್ನು ಎರವಲು ಪಡೆದು ಹಿಂದಿರುಗಿಸದೆ ಇರುವುದೂ ಉಂಟು. ಶಾಲೆಯ ಗೋಡೆಯ ಮೇಲೆ ಶರೀರದ ಮಹಿಮೆಯನ್ನು ಕುರಿತ ಕಾಳಿದಾಸನ ಮಾತನ್ನು ಬಣ್ಣದಲ್ಲಿ ಬರೆಸಿ, ಅದರ ಕೆಳಗೆಯೇ ಹುಡುಗನನ್ನು ಕಿವಿ ಹಿಡಿಸಿ ಕೂರಿಸಿ ಏಳಿಸುವುದು ಯಾವ ನ್ಯಾಯ?

ಸಲಹೆಯೆಂದರೆ ಇಷ್ಟು. ಮುಂದಿನ ವರ್ಷದಿಂದ ನಮ್ಮ ಶಾಲೆಯಲ್ಲಿ ತಪ್ಪಿಗೆ ಬಸ್ಕಿ ಎಂಬುದು ಬೇಡ. ವ್ಯಾಯಾಮದ ಅಧ್ಯಾಪಕರು ಎಂಟನೆಯ ತರಗತಿಯ ಪ್ರತಿಯೊಬ್ಬ ವಿದ್ಯಾರ್ಥಿಗೂ ವಿದ್ಯಾರ್ಥಿನಿಗೂ ಗೋಡೆಯ ದಂಡ, ಕುರ್ಚಿಯ ಬಸ್ಕಿ, ನೀರಿನ ಬಕೀಟಿನ ಎಳೆತ, ಈ ಮೂರನ್ನು ಸರಿಯಾಗಿ ಕಲಿಸಿ, ಒಂದು ಸಣ್ಣ ಪುಸ್ತಕದಲ್ಲಿ ವಾರವಾರವೂ ಎಷ್ಟು ಮಾಡಿದರೆಂದು ಅವರ ಕೈಯಿಂದಲೇ ಬರೆಯಿಸಲಿ. ಅಂಕ ಬೇಡ, ಸ್ಪರ್ಧೆ ಬೇಡ, ಯಾರೂ ಗಟ್ಟಿಯಾಗಿ ಲೆಕ್ಕ ಹಾಕುವುದೂ ಬೇಡ. ಮನೆಯಲ್ಲಿ ಅಜ್ಜಿಯೋ ತಾತನೋ ಇದ್ದರೆ ಅವರಿಗೆ ಕುರ್ಚಿಯ ಬಸ್ಕಿಯನ್ನು ಕಲಿಸಿ, ಅವರ ಲೆಕ್ಕವನ್ನೂ ಅದೇ ಪುಸ್ತಕದ ಎದುರು ಪುಟದಲ್ಲಿ ಬರೆಯಲಿ. ನಮ್ಮ ತಾಯಿಯವರ ಪುಸ್ತಕದಲ್ಲಿ ಈಗ ಹನ್ನೊಂದನೆಯ ತಿಂಗಳು ನಡೆಯುತ್ತಿದೆ. ಕುರ್ಚಿ ಹೋಗಿ ಮೋಡ ಬಂದಿದೆ. ಕಳೆದ ಶುಕ್ರವಾರ ಅವರು ಅಡಿಗೆಮನೆಯ ಮೂಲೆಯಿಂದ ಮಣೆಯನ್ನು ತೆಗೆಸಿ ತೊಳೆಸಿದರು.